ನಾಲ್ವರ ಡೇರೆಯಲ್ಲಿ ಯಾರು ಮಲಗಿದ್ದರು?

ಕಾದಂಬರಿಯ ವಿಮರ್ಶೆ ಓದಿ ಕಾದಂಬರಿ ಕೊಳ್ಳುವವರು ನಮ್ಮಲ್ಲಿ ಎಂದೂ ಬಹಳ ಮಂದಿ ಇರಲಿಲ್ಲ. ಆದರೆ ಮಿಕ್ಸಿಯಿಂದ ಹಿಡಿದು ಮಗುವಿನ ಚಪ್ಪಲಿಯವರೆಗೆ ಏನೇ ಕೊಳ್ಳುವುದಿದ್ದರೂ ಮೊದಲು ಅದರ ವಿಮರ್ಶೆ ನೋಡುವುದು ಈಗ ಮನೆಮನೆಯ ರೂಢಿ. ವಿಮರ್ಶೆ ಎಂಬ ಬರವಣಿಗೆಗೆ ಇಷ್ಟೊಂದು ಓದುಗರು, ಅದರಲ್ಲೂ ಇಷ್ಟೊಂದು ಹೆಂಗಸರು, ಹಿಂದೆಂದೂ ಸಿಕ್ಕಿರಲಾರರು. ಹಾಗಿರುವಾಗ ಈ ವಿಮರ್ಶೆಗಳನ್ನೂ ಯಾರಾದರೂ ವಿಮರ್ಶಿಸಬೇಕಲ್ಲವೆ? ಒಂದೇ ಒಂದು ವಸ್ತುವನ್ನು ಇಟ್ಟುಕೊಂಡು ಆ ಕೆಲಸ ಮಾಡಿ ನೋಡುತ್ತೇನೆ. ಸಂಸಾರ ಸಮೇತ ಕಾರಿನಲ್ಲಿ ಹೋಗಿ ಬಯಲಿನಲ್ಲಿ ರಾತ್ರಿ ಕಳೆಯಲು ಬೇಕಾಗುವ ಡೇರೆ ಆ ವಸ್ತು.

ನಾನಿರುವ ಹಿರೀಸಾವೆ ಬೆಂಗಳೂರು–ಮಂಗಳೂರು ಹೆದ್ದಾರಿಯ ಮೇಲಿದೆ. ವಾರದ ಕೊನೆ ಬಂತೆಂದರೆ ತಲೆಯ ಮೇಲೆ ಗಂಟುಮೂಟೆ ಹೊತ್ತ ಕಾರುಗಳು ಸಕಲೇಶಪುರದ ಕಡೆಗೆ ಸಾಲಾಗಿ ಹೋಗುತ್ತವೆ. ಮೊದಲು ಅವೆಲ್ಲ ಬೆಂಗಳೂರಿನವು. ಈಗ ಚನ್ನರಾಯಪಟ್ಟಣದ, ಹಾಸನದ ಮನೆಗಳಲ್ಲೂ ಡೇರೆಯ ಮಾತು ಕೇಳಿಬರುತ್ತದೆ. ಎರಡು ರಾತ್ರಿ ಹೋಂಸ್ಟೇಗೆ ಕೊಡುವ ಹಣಕ್ಕೆ ಒಂದು ಡೇರೆಯೇ ಬರುತ್ತದೆ, ಮಕ್ಕಳಿಗೂ ಖುಷಿ ಎಂಬ ಲೆಕ್ಕ. ಲೆಕ್ಕ ತಪ್ಪಲ್ಲ. ಆದರೆ ಯಾವ ಡೇರೆ ಎಂಬ ಪ್ರಶ್ನೆ ಬಂದಾಗ ಅಂಗಡಿಯವನನ್ನು ನಂಬುವಂತಿಲ್ಲ, ನೆರೆಮನೆಯವರಿಗೆ ಗೊತ್ತಿಲ್ಲ. ಉಳಿಯುವುದು ವಿಮರ್ಶೆಯೊಂದೇ.

ಡೇರೆ ನಮ್ಮ ಸೀಮೆಗೆ ಹೊಸದೇನಲ್ಲ. ಟೆಂಟ್ ಸಿನಿಮಾ ನೋಡಿ ಬೆಳೆದ ತಲೆಮಾರಿನವರು ಇನ್ನೂ ಇದ್ದಾರೆ. ೨೦೧೮ರ ಫೆಬ್ರವರಿಯಲ್ಲಿ ನಮ್ಮ ತಾಲ್ಲೂಕಿನ ಶ್ರವಣಬೆಳಗೊಳದಲ್ಲಿ ಮಹಾಮಸ್ತಕಾಭಿಷೇಕ ನಡೆದಾಗ ಯಾತ್ರಿಕರಿಗಾಗಿ ತಾತ್ಕಾಲಿಕ ಉಪನಗರಗಳೇ ಎದ್ದಿದ್ದವು. ಇನ್ನು ನಮ್ಮ ಹೋಬಳಿಯ ಬೂಕನಬೆಟ್ಟದಲ್ಲಿ ಜನವರಿಯ ಚಳಿಯಲ್ಲಿ ದನಗಳ ಜಾತ್ರೆ ಸೇರುತ್ತದೆ. ಹಳ್ಳಿಕಾರ್ ಜೋಡಿಗಳಿಗೆ ಪೆಂಡಾಲು ಹಾಕಿ, ಅವುಗಳ ಮಗ್ಗುಲಲ್ಲೇ ಹುಲ್ಲು ಹಾಸಿಕೊಂಡು ದಿನಗಟ್ಟಲೆ ಬಿಡಾರ ಮಾಡುವ ರೈತರಿಗೆ ಇಬ್ಬನಿ ಯಾವ ಕಡೆಯಿಂದ ಇಳಿಯುತ್ತದೆ, ಗಾಳಿ ಯಾವ ಹೊತ್ತಿಗೆ ತಿರುಗುತ್ತದೆ ಎಂದು ಯಾರೂ ಹೇಳಿಕೊಡಬೇಕಿಲ್ಲ.

ಆ ಜಾತ್ರೆಯಲ್ಲಿ ಎತ್ತು ಕೊಳ್ಳುವ ಕ್ರಮವನ್ನು ನೆನಪಿಸಿಕೊಳ್ಳಿ. ಕೊಳ್ಳುವವನು ಬಾಯಿ ಬಿಡಿಸಿ ಹಲ್ಲು ಎಣಿಸುತ್ತಾನೆ, ಸುಳಿ ನೋಡುತ್ತಾನೆ, ನಾಲ್ಕು ಹೆಜ್ಜೆ ನಡೆಸುತ್ತಾನೆ. ನಡುವೆ ದಳ್ಳಾಳಿ ಟವೆಲ್ಲಿನ ಮರೆಯಲ್ಲಿ ಬೆರಳು ಹಿಡಿದು ಬೆಲೆ ಕುದುರಿಸುತ್ತಾನೆ. ಅವನು ಎತ್ತನ್ನು ಹೊಗಳುತ್ತಾನೆ, ನಿಜ. ಆದರೆ ಅವನು ದಳ್ಳಾಳಿಯೆಂದೂ ವ್ಯಾಪಾರ ಕುದುರಿದರೆ ಅವನಿಗೆ ಪಾಲು ಬರುತ್ತದೆಯೆಂದೂ ಜಾತ್ರೆಗೆಲ್ಲ ಗೊತ್ತು. ಹಾಗಾಗಿ ಅವನ ಮಾತಿಗೆ ಎಷ್ಟು ಬೆಲೆ ಕೊಡಬೇಕೋ ಅಷ್ಟನ್ನೇ ಕೊಡುತ್ತಾರೆ.

ಈಗ ಡೇರೆಯ ವಿಮರ್ಶೆಗೆ ಬರೋಣ. ನಾನು ನೋಡಿದ, ಓದಿದ ಹೆಚ್ಚಿನವುಗಳ ಮಾದರಿ ಒಂದೇ. ವಿಮರ್ಶಕ ಒಬ್ಬ ಗಂಡಸು. ಬಿಸಿಲಿರುವ ಒಂದು ಹುಲ್ಲುಹಾಸಿನ ಮೇಲೆ ಚೀಲ ಬಿಚ್ಚುತ್ತಾನೆ. ಗಡಿಯಾರ ಇಟ್ಟುಕೊಂಡು ಕೆಲವೇ ನಿಮಿಷಗಳಲ್ಲಿ ಡೇರೆ ಎಬ್ಬಿಸುತ್ತಾನೆ. ಒಳಗೆ ಒಬ್ಬನೇ ಕೈಕಾಲು ಚಾಚಿ ಮಲಗಿ ‘ಬಹಳ ವಿಶಾಲವಾಗಿದೆ’ ಎನ್ನುತ್ತಾನೆ. ಜೇಬುಗಳನ್ನು ಎಣಿಸಿ ನಾಲ್ಕೂವರೆ ನಕ್ಷತ್ರ ಕೊಡುತ್ತಾನೆ. ಮುಖಪುಟ, ಬೆನ್ನುಡಿ ನೋಡಿ ಕಾದಂಬರಿಯ ಯೋಗ್ಯತೆ ಹೇಳಿದ ಹಾಗಾಯಿತು ಇದು. ಡೇರೆಯೆಂಬ ಪುಸ್ತಕದ ಕಥೆ ಶುರುವಾಗುವುದೇ ಕತ್ತಲಾದ ಮೇಲೆ.

ಮೊದಲು ಸಂಖ್ಯೆಯ ಮಾತು. ‘ನಾಲ್ವರಿಗೆ’ ಎಂದು ಚೀಲದ ಮೇಲೆ ಅಚ್ಚಾಗಿರುತ್ತದೆ, ವಿಮರ್ಶಕನೂ ಅದನ್ನೇ ಓದಿ ಹೇಳುತ್ತಾನೆ. ಬಹಳ ಹೆಸರಾದ ಕೋಲ್ಮನ್ ಕಂಪನಿಯ ಸನ್‌ಡೋಮ್ ಎಂಬ ನಾಲ್ವರ ಡೇರೆಯನ್ನೇ ತೆಗೆದುಕೊಳ್ಳಿ. ನೆಲ ೯ ಅಡಿಗೆ ೭ ಅಡಿ. ಒಂಬತ್ತು ಅಡಿಯನ್ನು ನಾಲ್ವರಿಗೆ ಹಂಚಿದರೆ ಒಬ್ಬೊಬ್ಬರಿಗೆ ೨೭ ಅಂಗುಲ. ರೈಲಿನ ಮಲಗುವ ಪಟ್ಟಿಗಿಂತ ಒಂದಿಷ್ಟೇ ಹೆಚ್ಚು. ಬಟ್ಟೆಯ ಚೀಲ, ನೀರಿನ ಕ್ಯಾನು, ಮಗುವಿನ ಹಾಸಿಗೆ, ನಾಲ್ಕು ಜೊತೆ ಒದ್ದೆ ಚಪ್ಪಲಿ ಎಲ್ಲಿ ಇಡುವುದು? ಈ ಕ್ಷೇತ್ರದಲ್ಲಿ ಪಳಗಿದವರೆಲ್ಲ ಹೇಳುವುದು ಒಂದೇ: ಸಂಸಾರಕ್ಕೆ ಕೊಳ್ಳುವಾಗ ಇರುವ ಜನಕ್ಕಿಂತ ಇಬ್ಬರಿಗೆ ಹೆಚ್ಚಿನದನ್ನು ಕೊಳ್ಳಿ. ಕಾರಿನಲ್ಲಿ ಒಯ್ಯುವುದರಿಂದ ಭಾರದ ಚಿಂತೆಯಿಲ್ಲ. ಬೆನ್ನ ಮೇಲೆ ಹೊತ್ತು ಬೆಟ್ಟ ಹತ್ತುವವರಿಗೆ ಬರೆದ ವಿಮರ್ಶೆಯಲ್ಲಿ ‘ಹಗುರ’ ಎಂಬುದೇ ದೊಡ್ಡ ಗುಣ. ಅದನ್ನು ಓದಿ ಸಂಸಾರಕ್ಕೆ ಕೊಂಡರೆ ಬೇಡದ ಗುಣಕ್ಕೆ ಹಣ ಕೊಟ್ಟ ಹಾಗೆ.

ಎರಡನೆಯದು ಎತ್ತರ. ಮೇಲೆ ಹೇಳಿದ ಡೇರೆಯ ನಡು ಎತ್ತರ ೪ ಅಡಿ ೧೧ ಅಂಗುಲ. ಅದೇ ಕಂಪನಿಯ ಆರು ಜನರದ್ದು ೬ ಅಡಿ. ಗಂಡಸಿಗೆ ಇದು ಅನುಕೂಲದ ವಿಷಯ ಅಷ್ಟೆ, ಅವನು ಹೊರಗೆ ನಿಂತೇ ಅಂಗಿ ಬದಲಿಸಬಲ್ಲ. ಹೆಂಗಸಿಗೆ ಹಾಗಲ್ಲ. ಡೇರೆಯೊಳಗೆ ನೆಟ್ಟಗೆ ನಿಂತು ಸೀರೆ ಉಡಲು ಆಗುತ್ತದೆಯೇ? ಒಳಗೆ ದೀಪ ಹಚ್ಚಿದರೆ ಹೊರಗಿನವರಿಗೆ ನೆರಳು ಕಾಣುತ್ತದೆಯೇ? ಬಾಗಿಲಿನ ಜಿಪ್ಪಿಗೆ ಒಳಗಿನಿಂದ ಭದ್ರತೆ ಉಂಟೆ? ನಾನು ನೋಡಿದ ವಿಮರ್ಶೆಗಳಲ್ಲಿ ಈ ಪ್ರಶ್ನೆಗಳು ಬರುವುದು ತೀರ ಅಪರೂಪ. ನಮ್ಮ ಮನೆಗಳಲ್ಲಿ ಇವು ಮೊದಲು ಕೇಳಬೇಕಾದವು.

ಮೂರನೆಯದು ಮಳೆ. ಪರದೇಶದ ವಿಮರ್ಶೆಗಳಲ್ಲಿ ‘ಮೂರು ಋತುಗಳ ಡೇರೆ’ ಎಂಬ ಮಾತು ಪದೇ ಪದೇ ಬರುತ್ತದೆ. ಆ ಮೂರು ಋತುಗಳು ಅವರ ವಸಂತ, ಬೇಸಿಗೆ ಮತ್ತು ಎಲೆಯುದುರುವ ಕಾಲ. ನಮ್ಮ ಮುಂಗಾರಿಗೆ ಆ ಲೆಕ್ಕದಲ್ಲಿ ಜಾಗವೇ ಇಲ್ಲ. ಚನ್ನರಾಯಪಟ್ಟಣದ ಕಡೆ ವರ್ಷಕ್ಕೆ ಏಳುನೂರು ಮಿಲಿಮೀಟರಿನ ಆಸುಪಾಸು ಮಳೆಯಾದರೆ, ಇಲ್ಲಿಂದ ಸುಮಾರು ನೂರು ಕಿಲೋಮೀಟರಿನ ಸಕಲೇಶಪುರದಲ್ಲಿ ಎರಡು ಸಾವಿರ ಮೀರುತ್ತದೆ. ಬೆಳಿಗ್ಗೆ ಹೊರಟು ಮಧ್ಯಾಹ್ನದೊಳಗೆ ಬೇರೊಂದು ಹವೆಗೆ ಹೋಗುವವರು ನಾವು.

ಚೀಲದ ಮೇಲೆ ‘೨೦೦೦ ಮಿ.ಮೀ.’, ‘೩೦೦೦ ಮಿ.ಮೀ.’ ಎಂದು ಬರೆದಿರುವುದು ಮಳೆಯ ಪ್ರಮಾಣವಲ್ಲ. ಬಟ್ಟೆಯ ಮೇಲೆ ನೀರಿನ ಕಂಬ ನಿಲ್ಲಿಸಿ ಅದನ್ನು ಏರಿಸುತ್ತ ಹೋದರೆ ಎಷ್ಟು ಎತ್ತರಕ್ಕೆ ನೀರು ಬಟ್ಟೆಯೊಳಗಿಂದ ಜಿನುಗುತ್ತದೆ ಎಂಬ ಅಳತೆ ಅದು. ಉಪಯೋಗದ ಅಳತೆಯೇ. ಆದರೆ ನೀರು ಒಳಗೆ ಬರುವುದು ಹೆಚ್ಚಾಗಿ ಬಟ್ಟೆಯಿಂದಲ್ಲ, ಹೊಲಿಗೆಯಿಂದ, ಜಿಪ್ಪಿನಿಂದ, ನೆಲದ ಅಂಚಿನಿಂದ. ಡೆಕಥ್ಲಾನ್ ಕಂಪನಿ ತನ್ನ ಡೇರೆಗಳನ್ನು ಪ್ರಯೋಗಾಲಯದಲ್ಲಿ ಚದರ ಮೀಟರಿಗೆ ಗಂಟೆಗೆ ೨೦೦ ಲೀಟರ್ ನೀರು ಸುರಿಸಿ ಪರೀಕ್ಷಿಸುವುದಾಗಿ ಹೇಳುತ್ತದೆ. ಅಂದರೆ ಒಂದು ಗಂಟೆಗೆ ೨೦೦ ಮಿಲಿಮೀಟರ್, ಭಾರೀ ಮಳೆಯೇ. ಇಂಥ ಪರೀಕ್ಷೆ ಇರುವುದು ಒಳ್ಳೆಯದು. ಆದರೂ ಮಲೆನಾಡಿನ ಮಳೆಯ ಜೋರಿಗಿಂತ ಕಷ್ಟವಾದದ್ದು ಅದರ ಹಟ. ಮೂರು ದಿನ ಬಿಡದೆ ಹಿಡಿದ ಜಡಿಮಳೆಯಲ್ಲಿ ನಾಲ್ವರ ಉಸಿರಿನ ಆವಿ ಬಟ್ಟೆಯ ಒಳಮೈಗೆ ತಗುಲಿ ಹನಿಯಾಗಿ ಹಾಸಿಗೆಯ ಮೇಲೆ ತೊಟ್ಟಿಕ್ಕುತ್ತದೆ. ಅದನ್ನು ಕಂಡು ‘ಸೋರುತ್ತದೆ’ ಎಂದು ಒಂದು ನಕ್ಷತ್ರ ಕೊಟ್ಟವರೂ ಇದ್ದಾರೆ. ಅದೂ ಅನ್ಯಾಯದ ವಿಮರ್ಶೆಯೇ. ಎರಡು ಪದರದ್ದೇ, ಮೇಲ್ಪದರ ನೆಲದವರೆಗೆ ಇಳಿಯುತ್ತದೆಯೇ, ಮಳೆಯಲ್ಲೂ ತೆರೆದಿಡಬಲ್ಲ ಗಾಳಿಕಿಂಡಿ ಇದೆಯೇ ಎಂದು ನೋಡಿಕೊಂಡರೆ ಇದು ಬಹುಮಟ್ಟಿಗೆ ತಗ್ಗುತ್ತದೆ.

ನಾಲ್ಕನೆಯದು ವಿಮರ್ಶೆ ಮುಗಿದ ಮೇಲೆ ಶುರುವಾಗುವ ಕೆಲಸ. ಎಬ್ಬಿಸಲು ಐದು ನಿಮಿಷ ಎನ್ನುತ್ತಾರೆ. ಮಡಚಿ ಅದೇ ಚೀಲಕ್ಕೆ ತುಂಬಲು ಎಷ್ಟು ಹೊತ್ತು? ಒದ್ದೆ ಡೇರೆಯನ್ನು ಮನೆಗೆ ತಂದು ತಾರಸಿಯ ಮೇಲೆ ಹರಡಿ, ಕೆಸರು ಒರೆಸಿ, ಎರಡು ದಿನ ತಿರುಗಿಸಿ ಮುರುಗಿಸಿ ಒಣಗಿಸುವವರು ಯಾರು? ಆಷಾಢದಲ್ಲಿ ಬಿಸಿಲಾದರೂ ಎಲ್ಲಿದೆ? ಇದು ಅಚ್ಚುಕಟ್ಟಿನ ಪ್ರಶ್ನೆ ಮಾತ್ರವಲ್ಲ. ನೀರು ತಡೆಯಲೆಂದು ಬಟ್ಟೆಗೆ ಹಚ್ಚುವ ಪಾಲಿಯುರೆಥೇನ್ ಲೇಪ ತೇವ ಮತ್ತು ಸೆಕೆಯಲ್ಲಿ ಬಹಳ ಕಾಲ ಇದ್ದರೆ ಒಡೆಯುತ್ತದೆ. ಮುಟ್ಟಿದರೆ ಅಂಟುತ್ತದೆ, ಸಿಪ್ಪೆ ಏಳುತ್ತದೆ, ಹುಳಿ ವಾಸನೆ ಹೊಡೆಯುತ್ತದೆ. ಹಾಗಾದ ಡೇರೆ ಮತ್ತೆ ನೀರು ತಡೆಯುವುದಿಲ್ಲ. ಹಪ್ಪಳ ಒಣಗಿಸುವಷ್ಟು ಶ್ರದ್ಧೆಯಿಂದ ಒಣಗಿಸಿದರೆ ಡೇರೆ ಬಾಳುತ್ತದೆ. ಆ ಶ್ರದ್ಧೆ ಮನೆಯಲ್ಲಿ ಯಾರ ಪಾಲಿಗೆ ಬರುತ್ತದೆ ಎಂದು ನಮಗೆ ಗೊತ್ತು. ಪ್ರವಾಸವೆಂದರೆ ಅಡುಗೆಮನೆಯನ್ನು ಬಯಲಿಗೆ ಒಯ್ಯುವುದು ಎಂದಾದರೆ, ಹೆಂಗಸಿಗೆ ಸಿಗುವ ವಿಶ್ರಾಂತಿ ಯಾವುದು? ಇದನ್ನು ಕೊಳ್ಳುವ ಮೊದಲೇ ಮನೆಯಲ್ಲಿ ಮಾತಾಡಿಕೊಳ್ಳುವುದು ಮೇಲು.

ಐದನೆಯದು ಜೀವದ ಮಾತು. ಸಕಲೇಶಪುರ, ಆಲೂರು, ಬೇಲೂರು ತಾಲ್ಲೂಕುಗಳಲ್ಲಿ ಕಾಡಾನೆ ದಿನನಿತ್ಯದ ಭಯ. ೨೦೨೧ರ ಜನವರಿಯಲ್ಲಿ ಪಕ್ಕದ ವಯನಾಡಿನ ಮೇಪ್ಪಾಡಿಯ ಬಳಿ, ರೆಸಾರ್ಟೊಂದರ ಡೇರೆಯಲ್ಲಿ ತಂಗಿದ್ದ ಯುವತಿಯೊಬ್ಬಳು ಕಾಡಾನೆಯ ದಾಳಿಗೆ ಬಲಿಯಾದಳು. ಬಟ್ಟೆಯ ಗೋಡೆ ಎಷ್ಟು ಮಿಲಿಮೀಟರಿನದಾದರೇನು? ಮೀಸಲು ಅರಣ್ಯದೊಳಗೆ ಅನುಮತಿಯಿಲ್ಲದೆ ಡೇರೆ ಹಾಕುವಂತಿಲ್ಲ. ಹಾಕುವುದಿದ್ದರೆ ಪರಿಚಯದವರ ತೋಟದ ಮನೆಯಂಗಳದಲ್ಲಿ, ರಾತ್ರಿ ಎದ್ದರೆ ಶೌಚಾಲಯಕ್ಕೆ ಬೆಳಕಿರುವ ದಾರಿಯುಳ್ಳ ಜಾಗದಲ್ಲಿ ಹಾಕಬೇಕು. ಚಳಿಯೆಂದು ಇದ್ದಿಲ ಒಲೆಯನ್ನು ಡೇರೆಯೊಳಗೆ ತರುವುದಂತೂ ಕೂಡದು. ಅದರಿಂದ ಹೊರಡುವ ಕಾರ್ಬನ್ ಮಾನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ. ನಿದ್ದೆಯಲ್ಲಿದ್ದವರು ಏಳುವುದೇ ಇಲ್ಲ. ಜೇಬು ಎಣಿಸಲು ಸಮಯವಿರುವ ವಿಮರ್ಶಕರು ಇದಕ್ಕೆ ಒಂದು ವಾಕ್ಯ ಕೊಡಬಹುದಿತ್ತು.

ಹಾಗಾದರೆ ಯಾರನ್ನೂ ನಂಬಬಾರದೆ? ಹಾಗಲ್ಲ. ಅಮೆರಿಕದಲ್ಲಿ ೧೯೩೬ರಿಂದ ನಡೆದುಬಂದಿರುವ ಬಳಕೆದಾರರ ಸಂಸ್ಥೆಯೊಂದಿದೆ, ಅದರ ಪತ್ರಿಕೆ ‘ಕನ್ಸ್ಯೂಮರ್ ರಿಪೋರ್ಟ್ಸ್’. ತಾವು ಪರೀಕ್ಷಿಸುವ ವಸ್ತುವನ್ನು ಅಂಗಡಿಯಿಂದ ದುಡ್ಡು ಕೊಟ್ಟೇ ಕೊಳ್ಳುತ್ತಾರೆ, ಜಾಹೀರಾತು ತೆಗೆದುಕೊಳ್ಳುವುದಿಲ್ಲ. ಈಗಿನ ಬಹಳಷ್ಟು ವಿಮರ್ಶಕರಿಗೆ ವಸ್ತು ಬಿಟ್ಟಿ ಬರುತ್ತದೆ, ಇಲ್ಲವೇ ಅವರು ತೋರಿಸಿದ ದಾರಿಯಲ್ಲಿ ಹೋಗಿ ಕೊಂಡರೆ ಪಾಲು ಬರುತ್ತದೆ. ಇದು ಜಾತ್ರೆಯ ದಳ್ಳಾಳಿತನವೇ. ಟವೆಲ್ಲು ಮಾತ್ರ ಕಾಣುವುದಿಲ್ಲ. ಪಾಲು ತೆಗೆದುಕೊಂಡದ್ದಕ್ಕೆ ನನ್ನ ಆಕ್ಷೇಪವಿಲ್ಲ, ಹೇಳದೆ ತೆಗೆದುಕೊಂಡದ್ದಕ್ಕೆ ಇದೆ. ನಮ್ಮ ಸರ್ಕಾರವೂ ಇದನ್ನು ಗಮನಿಸಿದೆ. ೨೦೨೨ರ ನವೆಂಬರಿನಲ್ಲಿ ಭಾರತೀಯ ಮಾನಕ ಬ್ಯೂರೋ ಗ್ರಾಹಕ ವಿಮರ್ಶೆಗಳ ಬಗ್ಗೆ ಐ.ಎಸ್. ೧೯೦೦೦ ಎಂಬ ಮಾನದಂಡ ತಂದಿತು. ಹೊರಬಂದಾಗ ಅದು ಕಡ್ಡಾಯವಾಗಿರಲಿಲ್ಲ. ೨೦೨೩ರ ಜನವರಿಯಲ್ಲಿ ಗ್ರಾಹಕ ವ್ಯವಹಾರಗಳ ಇಲಾಖೆ, ಹಣವಾಗಲಿ ಉಡುಗೊರೆಯಾಗಲಿ ಪಡೆದು ವಸ್ತುವನ್ನು ಹೊಗಳುವವರು ಅದನ್ನು ಎಲ್ಲರಿಗೂ ಕಾಣುವಂತೆ, ಸರಳ ಮಾತಿನಲ್ಲಿ ತಿಳಿಸಬೇಕೆಂದು ಮಾರ್ಗಸೂಚಿ ಕೊಟ್ಟಿತು. ಅಂಥ ಮಾತು ಇದೆಯೇ ಎಂದು ಮೊದಲು ಹುಡುಕಿ.

ಉಳಿದಂತೆ ನಾನು ಒಂದು ವಿಮರ್ಶೆಯನ್ನು ಅಳೆಯುವುದು ಹೀಗೆ. ಎಷ್ಟು ರಾತ್ರಿ ಮಲಗಿದ್ದರು? ಎಷ್ಟು ಜನ? ಯಾವ ಊರಿನಲ್ಲಿ, ಯಾವ ತಿಂಗಳಲ್ಲಿ? ಡೇರೆಗೆ ದುಡ್ಡು ಕೊಟ್ಟವರು ಯಾರು? ಕೊಂಡ ವಾರದಲ್ಲಿ ಬರೆದದ್ದೋ, ಒಂದು ಮಳೆಗಾಲ ಕಳೆದ ಮೇಲೋ? ಈ ಪ್ರಶ್ನೆಗಳಿಗೆ ಉತ್ತರವಿರುವ ಬರಹ ಡೇರೆಯನ್ನು ಬೈದಿದ್ದರೂ ಉಪಯೋಗಕ್ಕೆ ಬರುತ್ತದೆ. ಐದು ನಕ್ಷತ್ರದ ಉದ್ಗಾರಕ್ಕಿಂತ, ಒಂದು ನಕ್ಷತ್ರದ ಸಿಟ್ಟಿಗಿಂತ, ನಡುವಿನ ಮೂರು ನಕ್ಷತ್ರದವರು ಹೆಚ್ಚು ವಿವರ ಕೊಟ್ಟಿರುತ್ತಾರೆ. ಗಾಳಿಗೆ ಕೋಲು ಸೀಳಿತು, ಜಿಪ್ಪು ಎರಡನೆಯ ಸಲಕ್ಕೇ ಹಲ್ಲು ಬಿಟ್ಟಿತು ಎಂದು ಬರೆದ ಗೃಹಿಣಿಯ ಎರಡು ಸಾಲು, ಕ್ಯಾಮೆರಾ ಮುಂದಿನ ಇಪ್ಪತ್ತು ನಿಮಿಷಕ್ಕಿಂತ ಒಳ್ಳೆಯ ವಿಮರ್ಶೆ.

ಇಷ್ಟೆಲ್ಲ ಓದಿದ ಮೇಲೂ ಸಂದೇಹ ಉಳಿದರೆ, ದೊಡ್ಡ ಊರುಗಳಲ್ಲಿ ಡೇರೆ ಬಾಡಿಗೆಗೆ ಸಿಗುತ್ತದೆ. ತಂದು, ಮೊದಲ ರಾತ್ರಿ ಮನೆಯ ಅಂಗಳದಲ್ಲೋ ತಾರಸಿಯಲ್ಲೋ ಎಬ್ಬಿಸಿ, ನಾಲ್ವರೂ ಒಳಗೆ ಮಲಗಿ. ಮೇಲಿನಿಂದ ನಾಲ್ಕು ಕೊಡ ನೀರು ಸುರಿಯಲು ಹೇಳಿ. ಎದ್ದು ನಿಂತು ಸೀರೆ ಉಟ್ಟು ನೋಡಿ. ಬೆಳಿಗ್ಗೆ ಮಡಚುವ ಕೆಲಸವನ್ನು ಮನೆಯ ಗಂಡಸರಿಗೆ ಬಿಡಿ. ಆಮೇಲೆ ನೀವೂ ಎರಡು ಸಾಲು ಬರೆಯಿರಿ, ಊರು, ತಿಂಗಳು, ಮಲಗಿದವರ ಸಂಖ್ಯೆ ಸೇರಿಸಿ. ಮುಂದೆ ಕೊಳ್ಳುವ ಹೆಣ್ಣುಮಗಳಿಗೆ ಅದು ಬೇಕಾಗುತ್ತದೆ.