ಸಿಂಹಕ್ಕೆ ಸಂಗೀತಪಾಠ

ಅಗಲ ಸುಮಾರು 10 ಸೆಂಟಿಮೀಟರ್. ಅಂಗೈಗೆ ಭರ್ತಿ. 1444ರಲ್ಲಿ ಪಿಸಾನೆಲ್ಲೊ ಮಾಡಿದ ಈ ಪದಕದಲ್ಲಿ ಇಟಲಿಯ ಫೆರಾರಾದ ದೊರೆ ಲಿಯೊನೆಲ್ಲೊ ದೆಸ್ತೆಯ ಮುಖ ಕಾಣುವುದು ಒಂದೇ ಮಗ್ಗುಲಿನಿಂದ, ಹಳೆಯ ರೋಮನ್ ನಾಣ್ಯಗಳ ಚಕ್ರವರ್ತಿಗಳ ಹಾಗೆ. ಕಿರೀಟವಿಲ್ಲ. ಕಸೂತಿಯ ಅಂಗಿ, ಹಿಂದಕ್ಕೆ ಜಾರಿದ ಹಣೆ, ಕೇಸರದಂತೆ ಸುರುಳಿ ಸುತ್ತಿದ ಗಿಡ್ಡ ಕೂದಲು.

ಸುತ್ತಲಿನ ಲ್ಯಾಟಿನ್ ಅಕ್ಷರಗಳು ಅವನ ಊರುಗಳನ್ನೂ ಬಿರುದುಗಳನ್ನೂ ಸಾರುತ್ತವೆ. ಜತೆಗೆ ಮೊಟಕು ಮಾಡಿ ಬರೆದ ಇನ್ನೊಂದು ಮಾತಿದೆ: ಆರಗಾನ್ ದೊರೆಯ ಅಳಿಯ! ಇಡೀ ಪದಕದ ರಾಜಕೀಯ ಇರುವುದು ಅಲ್ಲೇ. ಅದೇ ವರ್ಷ ಲಿಯೊನೆಲ್ಲೊ ನೇಪಲ್ಸನ್ನೂ ಆಳುತ್ತಿದ್ದ ಅಲ್ಫೊನ್ಸೊನ ಮಗಳು ಮರಿಯಾಳನ್ನು ಮದುವೆಯಾದ. ಅವಳು ರಾಣಿಯ ಮಗಳಲ್ಲ, ಇವನೂ ಪಟ್ಟದರಸಿಯ ಮಗನಲ್ಲ. ಮಾವನ ಹೆಸರನ್ನು ಮೆರೆಸುವ ಅವಸರ ಅರ್ಥವಾಗುವಂಥದ್ದೇ.

ಮಗುಚಿದರೆ ಗತ್ತೆಲ್ಲ ಮಾಯ. ಬೆಟ್ಟದ ಬುಡದಲ್ಲಿ ಸಿಂಹವೊಂದು ನಿಂತಿದೆ. ಎದುರಿಗೆ ರೆಕ್ಕೆಯ ಪೋರ, ಪ್ರೇಮದೇವತೆ ಕ್ಯುಪಿಡ್, ಸ್ವರಲಿಪಿಯ ಹಾಳೆ ಬಿಚ್ಚಿ ಹಿಡಿದು ಹಾಡು ಕಲಿಸುತ್ತಿದ್ದಾನೆ. ಲಿಯೊನೆಲ್ಲೊ ಎಂದರೆ ಮರಿಸಿಂಹ. ಮದುವೆಗೆ ಇದಕ್ಕಿಂತ ಸೊಗಸಾದ ತಮಾಷೆ ಬೇಕೆ? ತನ್ನನ್ನೇ ಹೀಗೆ ನಗೆಗೆ ಒಡ್ಡಿಕೊಳ್ಳುವ ದೊರೆಯ ಆತ್ಮವಿಶ್ವಾಸ, ನನಗಂತೂ, ಕುದುರೆಯೇರಿದ ಎಷ್ಟೋ ಕಂಚಿನ ವೀರರಿಗಿಂತ ದೊಡ್ಡದಾಗಿ ಕಾಣುತ್ತದೆ.

ಇದು ಠಂಕಿಸಿದ್ದಲ್ಲ, ಎರಕ ಹೊಯ್ದದ್ದು. ಮೊದಲು ಮೇಣದಲ್ಲಿ ಮಾದರಿ, ಅದರಿಂದ ಅಚ್ಚು, ಆಮೇಲೆ ಕಂಚೋ ಸೀಸವೋ. ಹಾಗಾಗಿ ಕೆನ್ನೆಯ ಏರಿಳಿತದಲ್ಲಿ ಮೇಣದ ಮೆದುತನ ಇನ್ನೂ ಉಳಿದಿದೆ, ಉಳಿಯ ಬಿರುಸಿಲ್ಲ. ಒಂದೇ ಮಾದರಿಯಿಂದ ಹಲವು ಪ್ರತಿ ತೆಗೆದು ಬೇರೆ ಬೇರೆ ಆಸ್ಥಾನಗಳಿಗೆ ಉಡುಗೊರೆ ಕಳಿಸಬಹುದಿತ್ತು. ಅರಮನೆಯ ಗೋಡೆಚಿತ್ರ ನೋಡಲು ಅತಿಥಿಯೇ ಬರಬೇಕು. ಪದಕ ತಾನೇ ಅವನ ಕೈ ಸೇರುತ್ತದೆ.

ರಿಮಿನಿಯ ದೊರೆ ಸಿಜಿಸ್ಮೊಂದೊ ಮಲತೆಸ್ತಾನ ಹಂಚಿಕೆಯೇ ಬೇರೆ. ಮತ್ತೆಯೊ ದೆ ಪಾಸ್ತಿ ಮಾಡಿಕೊಟ್ಟ ತನ್ನ ಪದಕಗಳನ್ನು ಅವನು ಕಟ್ಟಡಗಳ ಗೋಡೆಯೊಳಗೇ ಹುದುಗಿಸಿದ. ಕಟ್ಟಡ ಬಿದ್ದ ಮೇಲೂ ಹೆಸರು ಸಿಗಲಿ ಎಂಬ ದೂರಾಲೋಚನೆ. 1462ರಲ್ಲಿ ಪೋಪ್ ಎರಡನೇ ಪಿಯುಸ್ ರೋಮಿನಲ್ಲಿ ಅವನ ಪ್ರತಿಕೃತಿ ಸುಡಿಸಿದರು. ಗೋಡೆಯೊಳಗಿನ ಮುಖಗಳಿಗೆ ಆ ಬಿಸಿ ತಾಗಲಿಲ್ಲ.

ಪಿಸಾನೆಲ್ಲೊನೂ ಕಡಿಮೆಯವನಲ್ಲ. ಸಿಂಹದ ಬದಿಯಲ್ಲಿ ‘ಚಿತ್ರಕಾರ ಪಿಸಾನೊನ ಕೃತಿ’ ಎಂದು ಲ್ಯಾಟಿನ್ನಿನಲ್ಲಿ ರುಜು ಹಾಕಿದ್ದಾನೆ. ದೊರೆಯ ದುಡ್ಡಿನ ಪದಕ ಊರೂರಿಗೆ ಹೊತ್ತೊಯ್ದದ್ದು ಎರಡು ಹೆಸರುಗಳನ್ನು.