ಸಿಗ್ನಲ್ ಕೆಟ್ಟದ್ದು ಎಲ್ಲಿ? ಸಿಗ್ವಿನ್ನಿನ ದೋಷಸಂದೇಶಗಳ ಬಗ್ಗೆ

ವಿಂಡೋಸ್ ಮೇಲೆ ಯುನಿಕ್ಸ್ ಶೆಲ್ ಓಡಿಸಲು ನೆರವಾಗುವ ಸಿಗ್ವಿನ್ 1995ರಲ್ಲಿ ಸಿಗ್ನಸ್ ಕಂಪನಿಯ ಸ್ಟೀವ್ ಚೇಂಬರ್ಲೇನ್ ಅವರ ಕೈಯಲ್ಲಿ ಶುರುವಾಯಿತು. ಇಷ್ಟು ವರ್ಷ ಬಾಳಿ, ಇವತ್ತಿಗೂ ಬಳಕೆಯಲ್ಲಿದೆ ಎಂದರೆ ಅದರ ಅಡಿಪಾಯ ಗಟ್ಟಿ ಎಂದೇ ಅರ್ಥ. ಆದರೆ ಸಿಗ್ನಲ್‌ಗಳ ವಿಷಯದಲ್ಲಿ ಅದರ ಮೇಲೆ ನನಗೊಂದು ತಕರಾರಿದೆ. ಎಡವಟ್ಟಾದದ್ದು ಶೆಲ್ಲಿನಲ್ಲೋ, ಸಿಗ್ವಿನ್ನಿನಲ್ಲೋ, ವಿಂಡೋಸಿನಲ್ಲೋ ಎಂಬುದನ್ನು ಅಲ್ಲಿನ ದೋಷಸಂದೇಶಗಳು ಬಿಡಿಸಿ ಹೇಳುವುದಿಲ್ಲ. ಅದನ್ನು ವಿಚಾರಿಸದೆಯೇ ರಿಪೇರಿಗೆ ಕೈಹಾಕುವ ನಮ್ಮ ರೂಢಿಯ ಮೇಲೆ ಇನ್ನೂ ದೊಡ್ಡ ತಕರಾರಿದೆ.

ಯುನಿಕ್ಸಿನಲ್ಲಿ ಸಿಗ್ನಲ್ ತಲುಪಿಸುವುದು ಕರ್ನಲ್ಲಿನ ಕೆಲಸ. ವಿಂಡೋಸ್ ಕರ್ನಲ್ಲಿನಲ್ಲಿ ಅಂಥ ಏರ್ಪಾಡಿಲ್ಲ. ಹಾಗಾಗಿ ಸಿಗ್ವಿನ್ನಿನ ಡಿಎಲ್ಎಲ್ ಪ್ರತಿ ಪ್ರೋಸೆಸ್ಸಿನೊಳಗೂ ಸಿಗ್ನಲ್ಲಿಗೆಂದೇ ಒಂದು ಥ್ರೆಡ್ ಇಟ್ಟು, ಅದಕ್ಕೊಂದು ಪೈಪ್ ತೆರೆಯುತ್ತದೆ. ಒಂದು ಪ್ರೋಸೆಸ್ ಇನ್ನೊಂದಕ್ಕೆ ಸಿಗ್ನಲ್ ಕಳಿಸುವುದೆಂದರೆ ಆ ಪೈಪಿಗೆ ಬರೆಯುವುದು. ಕರ್ನಲ್ಲಿನ ಆಸರೆಯಿಲ್ಲದೆ ಇಷ್ಟನ್ನು ಕಟ್ಟಿ, ಬ್ಯಾಶ್‌ನಂಥ ಶೆಲ್ ತಾನು ಯುನಿಕ್ಸಿನಲ್ಲೇ ಇದ್ದೇನೆಂದು ನಡೆದುಕೊಳ್ಳುವಂತೆ ಮಾಡಿರುವುದು ನಿಜಕ್ಕೂ ಮೆಚ್ಚಬೇಕಾದ ಕೆಲಸ.

ಈ ಪೈಪೇ ತೆರೆಯದಿದ್ದರೆ ‘ಕುಡ್ನಾಟ್ ಕ್ರಿಯೇಟ್ ಸಿಗ್ನಲ್ ಪೈಪ್, ವಿನ್32 ಎರರ್ 5’ ಎಂಬ ಸಾಲು ಬರುತ್ತದೆ. ವಿಂಡೋಸಿನ ಲೆಕ್ಕದಲ್ಲಿ 5 ಎಂದರೆ ಅನುಮತಿ ನಿರಾಕರಣೆ. ಆ ಹೊತ್ತಿಗೆ ಶೆಲ್ ಇನ್ನೂ ಕಣ್ಣು ಬಿಟ್ಟಿರುವುದಿಲ್ಲ, ಸ್ಕ್ರಿಪ್ಟಿನ ಮೊದಲ ಸಾಲನ್ನೂ ಓದಿರುವುದಿಲ್ಲ. ಆದರೂ ಸಂದೇಶದಲ್ಲಿ ‘ಸಿಗ್ನಲ್’ ಎಂಬ ಪದ ಕಂಡದ್ದೇ ತಡ, ಸಿಗ್ನಲ್ ಬಂದಾಗ ಏನು ಮಾಡಬೇಕೆಂದು ಹೇಳುವ, ಸ್ಕ್ರಿಪ್ಟಿನ ಟ್ರ್ಯಾಪ್ ಸಾಲುಗಳನ್ನು ತಿದ್ದಲು ಕೂರುವವರಿದ್ದಾರೆ. ನೋಡಬೇಕಾದದ್ದು ಶೆಲ್ಲನ್ನು ಯಾರು, ಯಾವ ಖಾತೆಯಿಂದ, ಎಷ್ಟು ಹಕ್ಕು ಕೊಟ್ಟು ಎಬ್ಬಿಸಿದರು ಎಂಬುದನ್ನು. ಸಂದೇಶ ಸಂಖ್ಯೆಯನ್ನಾದರೂ ಕೊಡುತ್ತದೆ. ಅದರ ಅರ್ಥವನ್ನೂ ಪಕ್ಕದಲ್ಲೇ ಬರೆದಿದ್ದರೆ ಎಷ್ಟೋ ಜನರ ಸಮಯ ಉಳಿಯುತ್ತಿತ್ತು.

ಇದಕ್ಕೆ ತದ್ವಿರುದ್ಧವಾದದ್ದು ‘ಇನ್ವ್ಯಾಲಿಡ್ ಸಿಗ್ನಲ್ ಸ್ಪೆಸಿಫಿಕೇಶನ್’. ಇದು ಶೆಲ್ಲಿನದೇ ಮಾತು. ವಿಂಡೋಸಿನ ಎಡಿಟರಿನಲ್ಲಿ ಬರೆದ ಸ್ಕ್ರಿಪ್ಟಿನ ಪ್ರತಿ ಸಾಲಿನ ತುದಿಯಲ್ಲೂ ಕಣ್ಣಿಗೆ ಕಾಣದ ಒಂದು ಕ್ಯಾರೇಜ್ ರಿಟರ್ನ್ ಉಳಿದಿರಬಹುದು. ಟ್ರ್ಯಾಪ್ ಸಾಲಿನ ಕೊನೆಯ ಸಿಗ್ನಲ್ ಹೆಸರಾದ ‘ಐಎನ್‌ಟಿ’ಗೆ ಅದು ಅಂಟಿಕೊಂಡರೆ, ಬ್ಯಾಶ್ ಪಾಲಿಗೆ ಅಂಥ ಹೆಸರಿನ ಸಿಗ್ನಲ್ಲೇ ಇಲ್ಲ. ಅದು ಫೈಲಿನ ಹೆಸರು, ಸಾಲಿನ ಸಂಖ್ಯೆ, ತಪ್ಪಾದ ಪದ ಎಲ್ಲವನ್ನೂ ಸರಿಯಾಗಿಯೇ ಬರೆಯುತ್ತದೆ. ಆದರೆ ಪದದ ಜೊತೆ ಬಂದ ಕ್ಯಾರೇಜ್ ರಿಟರ್ನ್ ಕರ್ಸರನ್ನು ಸಾಲಿನ ಮೊದಲಿಗೆ ಎಳೆದು ತರುತ್ತದೆ, ಉಳಿದ ಮಾತು ಅದರ ಮೇಲೆಯೇ ಬೀಳುತ್ತದೆ. ಫೈಲಿನ ಹೆಸರು ಚಿಕ್ಕದಿದ್ದರೆ ಕೊನೆಗೆ ಕಾಣುವುದು ಒಂದು ಕೋಲನ್, ಅದರ ಮುಂದೆ ಮೂರು ಪದ, ಅಷ್ಟೇ. ಸಂದೇಶದ ಆರಂಭದಲ್ಲೇ ಕೋಲನ್ ಬಂತೆಂದರೆ ಅನುಮಾನ ಕ್ಯಾರೇಜ್ ರಿಟರ್ನ್ ಮೇಲೆಯೇ ಹೋಗಬೇಕು. ಕ್ಯಾಟ್ ಕಮಾಂಡಿಗೆ ದೊಡ್ಡ ಎ ಆಯ್ಕೆ ಕೊಟ್ಟು ಫೈಲ್ ತೆರೆದರೆ ಸಾಲಿನ ತುದಿಯಲ್ಲಿ ‘^ಎಂ’ ಗುರುತು ಕಾಣುತ್ತದೆ.

ಇಂಥ ಅಕ್ಷರವನ್ನು ಗಣನೆಗೆ ತೆಗೆದುಕೊಳ್ಳಬೇಡ ಎಂದು ಹೇಳಲು ಸಿಗ್ವಿನ್ನಿನ ಬ್ಯಾಶ್‌ನಲ್ಲಿ ‘ಇಗ್ನ್‌ಸಿಆರ್’ ಎಂಬ ಆಯ್ಕೆಯೇ ಇದೆ. ಅನುಕೂಲವೇನೋ ಹೌದು, ಆದರೆ ನಾನದನ್ನು ಶಿಫಾರಸು ಮಾಡುವುದಿಲ್ಲ. ಅದೇ ಸ್ಕ್ರಿಪ್ಟ್ ನಾಳೆ ಲಿನಕ್ಸ್ ಸರ್ವರಿಗೆ ಹೋದರೆ ಅಲ್ಲಿ ಟ್ರ್ಯಾಪ್ ಹತ್ತುವುದಿಲ್ಲ. ಸ್ಕ್ರಿಪ್ಟ್ ಮಾತ್ರ ಮುಂದೆ ಓಡುತ್ತದೆ, ಮಧ್ಯೆ ಯಾರಾದರೂ ನಿಲ್ಲಿಸಿದರೆ ಅಳಿಸಬೇಕಾದ ತಾತ್ಕಾಲಿಕ ಫೈಲುಗಳು ಹಾಗೇ ಉಳಿಯುತ್ತವೆ. ಫೈಲನ್ನೇ ಶುದ್ಧ ಮಾಡುವುದು ಸರಿಯಾದ ದಾರಿ.

ಯಾವ ದೋಷ ಬಂದರೂ ‘ರೀಬೇಸ್ ಮಾಡಿ ನೋಡಿ’ ಎನ್ನುವುದು ಇನ್ನೊಂದು ಚಾಳಿ. ಒಂದು ಪ್ರೋಸೆಸ್ ಫೋರ್ಕ್ ಮಾಡಿ ತನ್ನದೇ ನಕಲನ್ನು ಹುಟ್ಟಿಸಿದಾಗ ಮಗುವಿನ ಪ್ರೋಸೆಸ್ಸಿನಲ್ಲೂ ಡಿಎಲ್ಎಲ್‌ಗಳು ತಾಯಿಯಲ್ಲಿದ್ದ ವಿಳಾಸದಲ್ಲೇ ಕೂರಬೇಕು. ಆ ಜಾಗ ಬೇರೆಯದರ ಪಾಲಾಗಿದ್ದರೆ ಫೋರ್ಕ್ ಸೋಲುತ್ತದೆ, ಅಲ್ಲಿ ಡಿಎಲ್ಎಲ್‌ಗಳಿಗೆ ಒಂದಕ್ಕೊಂದು ಅಡ್ಡಬರದ ವಿಳಾಸ ಕೊಡುವ ರೀಬೇಸ್ ಸರಿಯಾದ ಮದ್ದು. ಅನುಮತಿಯಿಲ್ಲದ ಪೈಪಿಗೂ ತಪ್ಪಾಗಿ ಬರೆದ ಟ್ರ್ಯಾಪಿಗೂ ಅದರಿಂದ ಏನೂ ಆಗದು.

ಎಲ್ಲಕ್ಕಿಂತ ಕಠಿಣವಾದದ್ದು ಶೆಲ್ಲಿನಿಂದ ಅಪ್ಪಟ ವಿಂಡೋಸ್ ಪ್ರೋಗ್ರಾಮನ್ನು ಓಡಿಸಿದಾಗಿನ ಪಾಡು. ಹಿಂದೆ ಮಿಂಟಿ ಟರ್ಮಿನಲ್ಲಿನಲ್ಲಿ ಅಂಥ ಪ್ರೋಗ್ರಾಮಿಗೆ ಕನ್ಸೋಲ್ ಬದಲು ಪೈಪ್ ಕಾಣುತ್ತಿತ್ತು, ಕಂಟ್ರೋಲ್-ಸಿ ನೆಟ್ಟಗೆ ಕೆಲಸ ಮಾಡುವ ಭರವಸೆ ಇರಲಿಲ್ಲ. ಸಿಗ್ವಿನ್ 3.1 ವಿಂಡೋಸ್ 10ರ ಸ್ಯೂಡೋ ಕನ್ಸೋಲನ್ನು ಬಳಸತೊಡಗಿದ ಮೇಲೆ ಪರಿಸ್ಥಿತಿ ಬಹಳ ಸುಧಾರಿಸಿದೆ. ಆದರೆ ಕಿಲ್ ಕಮಾಂಡಿನ ಕಥೆ ಬೇರೆ. ಸಿಗ್ನಲ್ ಅರಿಯದ ಆ ಪ್ರೋಗ್ರಾಮಿಗೆ ಸಿಗ್‌ಟರ್ಮ್ ಕಳಿಸಿದರೆ ಸಿಗ್ವಿನ್ ಅದನ್ನು ವಿಂಡೋಸಿನ ಟರ್ಮಿನೇಟ್‌ಪ್ರೋಸೆಸ್ ಮೂಲಕ ಅಲ್ಲಿಗಲ್ಲಿಗೇ ಮುಗಿಸುತ್ತದೆ. ಬರೆಯುತ್ತಿದ್ದ ಫೈಲನ್ನು ಮುಚ್ಚಲೂ ಅದಕ್ಕೆ ಬಿಡುವು ಸಿಗುವುದಿಲ್ಲ. ‘ದಯವಿಟ್ಟು ನಿಲ್ಲು’ ಎಂಬ ಸಿಗ್‌ಟರ್ಮಿಗೂ ‘ಈಗಲೇ ಸಾಯಿ’ ಎಂಬ ಸಿಗ್‌ಕಿಲ್ಲಿಗೂ ಇರುವ ಅಂತರವೇ ಇಲ್ಲಿ ಅಳಿಸಿಹೋಗುತ್ತದೆ, ಅದೂ ಒಂದು ಎಚ್ಚರಿಕೆಯ ಸಾಲೂ ಇಲ್ಲದೆ. ಗಿಟ್ ಫಾರ್ ವಿಂಡೋಸ್ ತಂಡ ತನ್ನ ಪ್ರತಿಯಲ್ಲಿ ಇದಕ್ಕೆ ಬೇರೆ ತಿದ್ದುಪಡಿ ಹಾಕಿಕೊಂಡು, ಪ್ರೋಗ್ರಾಮು ತಾನಾಗಿ ಮುಚ್ಚಿಕೊಳ್ಳಲು ಅವಕಾಶ ಕೊಡುವ ಪ್ರಯತ್ನ ಮಾಡಿದೆ. ಅಂಥ ಪ್ರಯತ್ನ ಮೂಲ ಸಿಗ್ವಿನ್ನಿಗೂ ಬರಬೇಕು.