ಜೆಕ್ವೆರಿಯ ಮೌನ

ಪುಟದಲ್ಲಿ ಇಲ್ಲವೇ ಇಲ್ಲದ ಒಂದು ಬಟನ್ನನ್ನು ಹುಡುಕಿಕೊಡೆಂದು ಜೆಕ್ವೆರಿಯನ್ನು ಕೇಳಿ, ದೊರೆಯದ ಆ ಬಟನ್ನಿಗೆ ಕೆಂಪು ಬಣ್ಣವನ್ನು ಬಳಿಯೆಂದು ವಿಧಿಸಿ, ತರುವಾಯ ಅದನ್ನು ಮೆಲ್ಲನೆ ಮರೆಮಾಡೆಂದು ಆಜ್ಞಾಪಿಸಿದರೂ ಆ ಲೈಬ್ರರಿಯು ಒಂದು ಸಲವಾದರೂ ಪ್ರತಿಭಟಿಸುವುದಿಲ್ಲ. ಕನ್ಸೋಲಿನಲ್ಲಿ ಕೆಂಪಕ್ಷರದ ಸಾಲು ಮೂಡದು. ಪುಟವು ನಿರ್ವಿಕಾರವಾಗಿ ಇದ್ದಂತೆಯೇ ಇರುವುದು. ಜಾವಾಸ್ಕ್ರಿಪ್ಟಿಗೆ ಹೊಸಬರಾದವರು ಈ ಮೌನದೆದುರು ಕುಳಿತು, ತಾವು ಬರೆದುದನ್ನು ಮರಳಿ ಮರಳಿ ಓದಿ, ಎಲ್ಲವೂ ಸರಿಯಾಗಿಯೇ ಇದೆಯಲ್ಲ ಎಂದು ವಿಸ್ಮಿತರಾಗುವರು. ಬಹುಮಟ್ಟಿಗೆ ಅವರ ಮಾತು ನಿಜವೇ ಆಗಿರುತ್ತದೆ. ಏಕೆಂದರೆ ದೋಷವು ಅನೇಕ ವೇಳೆ ಸಾಲಿನ ಬರಹದಲ್ಲಿರದೆ ಆ ಸಾಲು ನಡೆದ ಹೊತ್ತಿನಲ್ಲಿ ಅಡಗಿರುವುದು.

2006ರ ಜನವರಿಯಲ್ಲಿ ನ್ಯೂಯಾರ್ಕಿನ ಬಾರ್‌ಕ್ಯಾಂಪ್ ಕೂಟದಲ್ಲಿ ಜಾನ್ ರೆಸಿಗ್ ಅವರು ಲೋಕದ ಮುಂದಿಟ್ಟ ಈ ಲೈಬ್ರರಿಯ ಸ್ವಭಾವವನ್ನರಿಯದೆ ಅದರ ಮೌನವನ್ನು ದೂಷಿಸುವುದು ನ್ಯಾಯವಲ್ಲ. ಡಾಲರ್ ಚಿಹ್ನೆಯ ಮುಂದಿನ ಕಂಸದೊಳಗೆ ನಾವಿಡುವ ಸೆಲೆಕ್ಟರಿಗೆ ಉತ್ತರವಾಗಿ ದೊರೆಯುವುದು ಯಾವಾಗಲೂ ಎಲಿಮೆಂಟುಗಳ ಸಮೂಹ; ಅದರಲ್ಲಿ ನೂರಿದ್ದರೆ ಆಜ್ಞೆಯು ನೂರಕ್ಕೂ ಅನ್ವಯಿಸುವುದು, ಒಂದಿದ್ದರೆ ಒಂದಕ್ಕೆ, ಏನೂ ಇಲ್ಲದಿದ್ದರೆ ಯಾವುದಕ್ಕೂ ಇಲ್ಲ. ಒಂದೇ ಸ್ಕ್ರಿಪ್ಟನ್ನು ತಾಣದ ಸಮಸ್ತ ಪುಟಗಳಿಗೂ ಜೋಡಿಸುವ ಅನುಭವಿಗೆ ಇದೊಂದು ವರ. ಚಿತ್ರಮಾಲೆಯಿಲ್ಲದ ಪುಟದಲ್ಲಿ ಚಿತ್ರಮಾಲೆಯ ಆಜ್ಞೆಗಳು ಯಾರಿಗೂ ಉಪದ್ರವ ಕೊಡದೆ ಸಾಗಿಹೋಗುವುವು. ಬ್ರೌಸರಿನ ಸ್ವಂತ ವಿಧಾನವಾದ ಗೆಟ್‌ಎಲಿಮೆಂಟ್‌ಬೈಐಡಿಯಾದರೋ ಇಂಥ ಸಂದರ್ಭದಲ್ಲಿ 'ನಲ್' ಎಂಬುದನ್ನು ಕೈಗಿತ್ತು, ಮುಂದಿನ ಹೆಜ್ಜೆಯಲ್ಲಿಯೇ ಪ್ರೋಗ್ರಾಮು ಮುಗ್ಗರಿಸುವಂತೆ ಮಾಡುವುದು. ಕಲಿಯುವವನಿಗೆ ಆ ಒರಟುತನವೇ ಹೆಚ್ಚು ಹಿತಕರವೆಂದು ನನ್ನ ಅಭಿಪ್ರಾಯ. ಜೆಕ್ವೆರಿಯು ತಾನಾಗಿ ಹೇಳದುದನ್ನು ನಾವೇ ಕೇಳಿ ತಿಳಿಯಬೇಕಾದುದರಿಂದ, ಸೆಲೆಕ್ಟರಿನ ಫಲದ 'ಲೆಂಗ್ತ್' ಎಷ್ಟೆಂದು ಕನ್ಸೋಲಿನಲ್ಲಿ ಮುದ್ರಿಸಿ ನೋಡುವುದು ಸಕಲ ಚಿಕಿತ್ಸೆಗೂ ಮೊದಲು ಮಾಡತಕ್ಕ ನಾಡೀಪರೀಕ್ಷೆ. ಸೊನ್ನೆ ಬಂದರೆ ಬಣ್ಣದ ಆಜ್ಞೆಯನ್ನು ತಿದ್ದುತ್ತ ಕೂರುವುದು ವ್ಯರ್ಥ.

ಸೊನ್ನೆ ಬರುವುದಕ್ಕೆ ಹೆಸರಿನ ಹಿಂದಿನ ಚುಕ್ಕೆಯೋ ಹ್ಯಾಷ್ ಚಿಹ್ನೆಯೋ ತಪ್ಪಿರುವುದು ಒಂದು ಕಾರಣ. ಅದು ಕಣ್ಣಿಗೆ ಬೇಗ ಬೀಳುತ್ತದೆ. ಇನ್ನೊಂದು ಕಾರಣ ಸೂಕ್ಷ್ಮವಾದುದು. ಬ್ರೌಸರು ಪುಟವನ್ನು ಮೇಲಿನಿಂದ ಕೆಳಕ್ಕೆ ಓದುತ್ತ ಬರುವಾಗ, ತಲೆಭಾಗದಲ್ಲಿ ಸ್ಕ್ರಿಪ್ಟ್ ಟ್ಯಾಗ್ ಎದುರಾದರೆ ಅಲ್ಲಿಯೇ ನಿಂತು ಅದನ್ನು ನಡೆಸಿ ಮುಂದುವರಿಯುವುದರಿಂದ, ಆ ಕ್ಷಣದಲ್ಲಿ ಕೆಳಗಿನ ಬಟನ್ನು ಇನ್ನೂ ಹುಟ್ಟಿಯೇ ಇರುವುದಿಲ್ಲ. ಇದಕ್ಕಾಗಿಯೇ ಜೆಕ್ವೆರಿಯು 'ರೆಡಿ' ಎಂಬ ಸೌಕರ್ಯವನ್ನಿಟ್ಟಿದೆ. ನಮ್ಮ ಫಂಕ್ಷನ್ನನ್ನು ಅದರ ವಶಕ್ಕೊಪ್ಪಿಸಿದರೆ ಪುಟದ ರಚನೆ ಪೂರ್ಣವಾದ ಬಳಿಕ ಅದು ನಡೆಯುವುದು. ಆದರೆ ಒಪ್ಪಿಸುವಾಗ ಫಂಕ್ಷನ್ನಿನ ಹೆಸರಿನ ಮುಂದೆ ಕಂಸಗಳನ್ನು ಅಭ್ಯಾಸಬಲದಿಂದ ಸೇರಿಸಿಬಿಡುವವರು ಬಹಳ. ಕಂಸವೆಂದರೆ ಈಗಲೇ ನಡೆಸೆಂದು ಅರ್ಥವಾದುದರಿಂದ, ಕಾಯಬೇಕಾದ ಫಂಕ್ಷನ್ನು ಕಾಯದೆ ಓಡಿಹೋಗಿ, ರೆಡಿಯ ಕೈಯಲ್ಲಿ ಅದರ ಉಚ್ಛಿಷ್ಟ ಮಾತ್ರ ಉಳಿಯುವುದು. ಕ್ಲಿಕ್ಕಿಗೆಂದು ಬರೆದ ಫಂಕ್ಷನ್ನು ಯಾರೂ ಒತ್ತದೆಯೇ ಪುಟ ತೆರೆದೊಡನೆ ನಡೆದುಬಿಡುವ ಚಮತ್ಕಾರಕ್ಕೂ ಇದೇ ಮೂಲ.

ಡಾಲರ್ ಎಂಬುದು ವ್ಯಾಖ್ಯಾತವಾಗಿಲ್ಲವೆಂಬ ಪ್ರಸಿದ್ಧ ಕೂಗಾದರೋ ಜೆಕ್ವೆರಿಯದಲ್ಲ, ಜೆಕ್ವೆರಿಯಿಲ್ಲದ ಬ್ರೌಸರಿನದು. ನಮ್ಮ ಸ್ಕ್ರಿಪ್ಟು ಲೈಬ್ರರಿಗಿಂತ ಮೊದಲೇ ಜೋಡಣೆಯಾಗಿರಬಹುದು. ವಿಳಾಸ ತಪ್ಪಿ ಲೈಬ್ರರಿ ಬಾರದೆಯೇ ಇರಬಹುದು. ಅಥವಾ 'ಅಸಿಂಕ್' ಎಂಬ ಗುಣವನ್ನು ಹಚ್ಚಿದುದರಿಂದ, ಬರೆದ ಕ್ರಮವನ್ನು ಲೆಕ್ಕಿಸದೆ ಮೊದಲು ತಲುಪಿದ ಕಡತ ಮೊದಲು ನಡೆದಿರಬಹುದು. ಕನ್ನಡದ ಎಷ್ಟೋ ತಾಣಗಳಿಗೆ ಆಧಾರವಾಗಿರುವ ವರ್ಡ್‌ಪ್ರೆಸ್ಸಿನಲ್ಲಿ ಮಾತ್ರ ವಿಷಯ ಬೇರೆ: ಪ್ರೋಟೋಟೈಪ್‌ನಂಥ ಇತರ ಲೈಬ್ರರಿಗಳೂ ಡಾಲರ್ ಚಿಹ್ನೆಯನ್ನು ಬಳಸುತ್ತಿದ್ದ ಕಾರಣ, ಅಲ್ಲಿ ಜೆಕ್ವೆರಿಯು 'ನೋಕಾನ್‌ಫ್ಲಿಕ್ಟ್' ಸ್ಥಿತಿಯಲ್ಲಿ ಆ ಚಿಹ್ನೆಯನ್ನು ಬಿಟ್ಟುಕೊಟ್ಟು, ತನ್ನ ಪೂರ್ಣ ನಾಮದಿಂದ ಮಾತ್ರ ಓಗೊಡುವುದು.

ಇವೆಲ್ಲಕ್ಕಿಂತ ರಸವತ್ತಾದ ಪ್ರಕರಣವೊಂದುಂಟು. ಪಟ್ಟಿಯ ಪ್ರತಿಯೊಂದು ಸಾಲಿಗೂ ಅಳಿಸುವ ಬಟನ್ನಿದೆ. ಕ್ಲಿಕ್ಕಿನ ಏರ್ಪಾಟು ಸೊಗಸಾಗಿ ನಡೆಯುತ್ತಿದೆ. ಬಳಕೆದಾರನು ಹೊಸದೊಂದು ಸಾಲನ್ನು ಸೇರಿಸುತ್ತಾನೆ. ಆ ಸಾಲಿನ ಬಟನ್ನು ಮಾತ್ರ ಎಷ್ಟು ಒತ್ತಿದರೂ ಅಲುಗುವುದಿಲ್ಲ. 'ಕ್ಲಿಕ್' ಎಂಬ ಆಜ್ಞೆಯು, ತಾನು ನಡೆದ ಗಳಿಗೆಯಲ್ಲಿ ಇದ್ದ ಬಟನ್ನುಗಳನ್ನು ಮಾತ್ರ ಕಂಡು, ಅವಕ್ಕೆ ಮಾತ್ರ ಕಿವಿಯನ್ನಿತ್ತು ಮುಗಿದಿತ್ತು. ಪರಿಹಾರವೆಂದರೆ ಬಟನ್ನಿಗೆ ಬದಲಾಗಿ ಅದರ ಪೂರ್ವಜನಾದ ಪಟ್ಟಿಗೆ 'ಆನ್' ಎಂಬ ವಿಧಾನದಿಂದ ಕ್ಲಿಕ್ಕನ್ನು ಕಟ್ಟಿ, ಎರಡನೆಯ ಸ್ಥಾನದಲ್ಲಿ ಬಟನ್ನಿನ ಸೆಲೆಕ್ಟರನ್ನು ಕೊಡುವುದು. ಕ್ಲಿಕ್ಕು ತಾನು ಹುಟ್ಟಿದ ಎಲಿಮೆಂಟಿನಿಂದ ಮೇಲ್ಮೇಲಕ್ಕೆ ಏರುತ್ತ ಪಟ್ಟಿಯನ್ನು ದಾಟಿಯೇ ಹೋಗಬೇಕಾದುದರಿಂದ, ನಿನ್ನೆಯ ಸಾಲಿಗೂ ನಾಳೆಯ ಸಾಲಿಗೂ ಅಲ್ಲಿ ಭೇದವಿಲ್ಲ. ಮದುವೆಯ ಮನೆಯಲ್ಲಿ ಒಮ್ಮೆ ಸುತ್ತಿ ಕುಳಿತವರಿಗಷ್ಟೇ ತಾಂಬೂಲ ಕೊಟ್ಟು ಹೊರಟುಹೋದವನಿಗೂ, ಹೊರಬಾಗಿಲಲ್ಲಿ ತಟ್ಟೆ ಹಿಡಿದು ನಿಂತವನಿಗೂ ಇರುವ ಅಂತರ ಇದು. ಬಾಗಿಲು ಮೊದಲೇ ಇರಬೇಕೆಂಬುದನ್ನು ಮರೆಯಬಾರದು. ಕಟ್ಟುವ ಹೊತ್ತಿಗೆ ಪಟ್ಟಿಯೇ ಇಲ್ಲದಿದ್ದರೆ ಮತ್ತೆ ಅದೇ ಮೌನ. ಕೆಲವರು ಈ ಭಯಕ್ಕೆ ಸರ್ವವನ್ನೂ ಡಾಕ್ಯುಮೆಂಟಿಗೇ ಕಟ್ಟಿಬಿಡುವುದುಂಟು. ಕೆಲಸ ನಡೆಯುತ್ತದೆ, ಆದರೆ ಸಮೀಪದ ಸ್ಥಿರ ಪೂರ್ವಜನನ್ನು ಆರಿಸುವುದರಲ್ಲಿಯೇ ಅಭಿರುಚಿಯಿದೆ. ಹಳೆಯ ಪಾಠಗಳಲ್ಲಿ ಇದಕ್ಕೆ 'ಲೈವ್' ಎಂಬ ವಿಧಾನವನ್ನು ಹೇಳಿರುವರು, 2011ರಲ್ಲಿ 1.7ನೆಯ ಆವೃತ್ತಿಯೊಡನೆ 'ಆನ್' ಬಂದಾಗ ಅದು ಅಪ್ರಶಸ್ತವೆನಿಸಿ, 2013ರ 1.9ರಲ್ಲಿ ಲುಪ್ತವಾಯಿತು.

ಸರ್ವರಿನಿಂದ ಅಜಾಕ್ಸ್ ಮೂಲಕ ಮಾಹಿತಿಯನ್ನು ತರಿಸಿ, ಮರುಸಾಲಿನಲ್ಲಿಯೇ ಅದನ್ನು ಮುದ್ರಿಸಹೊರಟು 'ಅನ್‌ಡಿಫೈನ್ಡ್' ಎಂಬ ಉತ್ತರ ಪಡೆಯುವವರದೂ ಇದೇ ಕಾಲದೋಷ. ಕೋರಿಕೆ ಹೊರಟಿದೆ, ಉತ್ತರ ಬಂದಿಲ್ಲ, ಮರುಸಾಲು ಕಾಯುವುದಿಲ್ಲ. ಉತ್ತರವನ್ನು ಬಳಸುವ ಕಾರ್ಯವೆಲ್ಲ, ಉತ್ತರ ಬಂದ ಬಳಿಕ ನಡೆಯುವ ಫಂಕ್ಷನ್ನಾದ ಕಾಲ್‌ಬ್ಯಾಕಿನ ಒಳಗೇ ನಡೆಯತಕ್ಕದ್ದು. ಕೋರಿಕೆಯ 'ಅಸಿಂಕ್' ಆಯ್ಕೆಯನ್ನು 'ಫಾಲ್ಸ್' ಮಾಡಿ ಬ್ರೌಸರನ್ನೇ ಸ್ತಂಭನಗೊಳಿಸುವ ಉಪಾಯವನ್ನು ಯಾರಾದರೂ ಬೋಧಿಸಿದರೆ ಕಿವಿಗೊಡದಿರುವುದು ಲೇಸು.

ಉಳಿದವು ಸಣ್ಣ ತೊಡಕುಗಳು. ಚೌಕಕಂಸದಲ್ಲಿ ಸೊನ್ನೆಯಿಟ್ಟು ತೆಗೆದ ಎಲಿಮೆಂಟು ಜೆಕ್ವೆರಿಯ ಬಟ್ಟೆ ಕಳಚಿದ ಬರಿಯ ಎಲಿಮೆಂಟಾದುದರಿಂದ ಅದಕ್ಕೆ 'ಹೈಡ್' ತಿಳಿಯದು. ಅಲ್ಲಿ 'ಈಕ್ಯೂ' ಬೇಕು. ಲೈಬ್ರರಿಯನ್ನು ಎರಡು ಬಾರಿ ಜೋಡಿಸಿದರೆ ಮೊದಲನೆಯದಕ್ಕೆ ಅಂಟಿದ್ದ ಪ್ಲಗಿನ್ನುಗಳು ಎರಡನೆಯದರಲ್ಲಿ ಕಾಣಿಸವು. ಕಡೆಯದಾಗಿ, ಎಲ್ಲವೂ ಕ್ರಮವಾಗಿದ್ದು, ಡಾಲರ್ ಚಿಹ್ನೆಯೂ ಓಗೊಡುತ್ತಿದ್ದು, ಅಜಾಕ್ಸ್ ಎಂಬುದು ಫಂಕ್ಷನ್ನೇ ಅಲ್ಲವೆಂದು ಕನ್ಸೋಲು ಹಟ ಹಿಡಿದರೆ ಕಡತದ ಹೆಸರನ್ನು ನೋಡಬೇಕು. 2016ರ 3.0ರಿಂದ ಜೆಕ್ವೆರಿಗೆ 'ಸ್ಲಿಮ್' ಎಂಬ ಕೃಶರೂಪವೊಂದುಂಟು. ಅದರಲ್ಲಿ ಅಜಾಕ್ಸೂ ಇಲ್ಲ, 'ಫೇಡ್‌ಇನ್' ಮೊದಲಾದ ದೃಶ್ಯಲೀಲೆಗಳೂ ಇಲ್ಲ. ಬೂಟ್‌ಸ್ಟ್ರಾಪಿನ 4ನೆಯ ಆವೃತ್ತಿಯವರು ತಮ್ಮ ಆರಂಭದ ಮಾದರಿ ಪುಟದಲ್ಲಿ ಈ ರೂಪವನ್ನೇ ಜೋಡಿಸಿದ್ದರು. ಆ ಪುಟವನ್ನು ನಕಲು ಮಾಡಿಕೊಂಡು ಹೊರಟವರು ಪೂರ್ಣ ಕಡತವನ್ನು ಜೋಡಿಸಿಕೊಂಡರೆ ಸಾಕು, ಅವರು ಬರೆದ ಒಂದಕ್ಷರವನ್ನೂ ತಿದ್ದಬೇಕಾಗಿಲ್ಲ.